ಟಿಲ್ಡೆ ವಿಳಾಸದ ಪುಟ ತೆರೆಯದಿದ್ದಾಗ: ಹಂಚಿಕೆಯ ಸರ್ವರ್‌ನಲ್ಲಿ ಬಳಕೆದಾರರ ಸ್ವಂತ ಪುಟಗಳ ದೋಷ ನಿವಾರಣೆ

ಮೈಸೂರಿನ ಒಂದು ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ನಾನು ನೋಡಿಕೊಳ್ಳುವ ಲಿನಕ್ಸ್ ಸರ್ವರ್‌ನಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಖಾತೆಯಿದೆ. ಖಾತೆಯ ಹೋಮ್ ಡೈರೆಕ್ಟರಿಯೊಳಗೆ ‘ಪಬ್ಲಿಕ್_ಎಚ್‌ಟಿಎಂಎಲ್’ ಎಂಬ ಫೋಲ್ಡರ್ ಮಾಡಿ ಅದರಲ್ಲಿ ಪುಟವನ್ನಿಟ್ಟರೆ, ಸರ್ವರ್‌ನ ವಿಳಾಸದ ಮುಂದೆ ಟಿಲ್ಡೆ (~) ಚಿಹ್ನೆಯನ್ನೂ ಬಳಕೆದಾರರ ಹೆಸರನ್ನೂ ಸೇರಿಸಿ ಅದನ್ನು ಯಾರು ಬೇಕಾದರೂ ಓದಬಹುದು. ಕಾರಂಜಿ ಕೆರೆಯ ಹಕ್ಕಿಗಳ ಚಿತ್ರಗಳು, ಪಾಂಡವಪುರದ ಕಡೆಯ ಆಲೆಮನೆಯಲ್ಲಿ ಬೆಲ್ಲ ತಯಾರಾಗುವ ಬಗೆ, ಮನೆಯವರು ಬೆಳೆಯುವ ಮಲ್ಲಿಗೆಯ ಲೆಕ್ಕಾಚಾರ ಎಂದು ಮಕ್ಕಳು ತಮಗೆ ಗೊತ್ತಿರುವುದನ್ನು ಬರೆದು ಮೊದಲ ಬಾರಿಗೆ ಲೋಕದ ಮುಂದಿಡುವುದು ಈ ಪುಟಗಳಲ್ಲೇ. ಆದ್ದರಿಂದ ಅವು ತೆರೆಯದೆ ಹೋದಾಗ ಅದನ್ನು ಸಣ್ಣ ತೊಂದರೆ ಎಂದು ಪಕ್ಕಕ್ಕಿಡಲು ನನಗೆ ಮನಸ್ಸು ಬರುವುದಿಲ್ಲ.

ಒಮ್ಮೆ ದಸರಾ ರಜೆಯಲ್ಲಿ ನಾವು ಹಳೆಯ ಸರ್ವರ್ ಅನ್ನು ಉಬುಂಟು 22.04ಕ್ಕೆ ಏರಿಸಿದೆವು. ರಜೆ ಮುಗಿದು ಲ್ಯಾಬ್ ತೆರೆದಾಗ ಹಿರಿಯ ವಿದ್ಯಾರ್ಥಿಗಳ ಪುಟಗಳೆಲ್ಲ ಎಂದಿನಂತೆ ತೆರೆದುಕೊಂಡವು. ಹೊಸದಾಗಿ ಖಾತೆ ಪಡೆದ ಮೊದಲ ವರ್ಷದವರ ಪುಟಗಳಲ್ಲಿ ಮಾತ್ರ 403 ಎಂಬ ಸಂಖ್ಯೆ ಮತ್ತು ಪ್ರವೇಶವಿಲ್ಲ ಎಂಬ ಸಂದೇಶ ಬಂತು. ಗಡಿಬಿಡಿಯಲ್ಲಿ ಒಬ್ಬರು ಎಲ್ಲ ಹೋಮ್ ಡೈರೆಕ್ಟರಿಗಳಿಗೂ ಒಳಗಿನ ಫೈಲ್‌ಗಳ ಸಮೇತ 777 ಅನುಮತಿ ಕೊಟ್ಟುಬಿಟ್ಟರು. ಪುಟಗಳು ತೆರೆದವು. ಆದರೆ ಅಂದಿನಿಂದಲೇ ಯಾರ ಫೈಲನ್ನು ಯಾರು ಬೇಕಾದರೂ ಓದುವ, ತಿದ್ದುವ, ಅಳಿಸುವ ಸ್ಥಿತಿ ಬಂದಿತ್ತು. ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವ್ಯವಸ್ಥೆ) ಕೀಲಿಯಿಂದ ಲಾಗಿನ್ ಆಗುತ್ತಿದ್ದವರಿಗೆ ಸರ್ವರ್ ಒಳಗೆ ಬಿಡುವುದನ್ನೇ ನಿಲ್ಲಿಸಿತ್ತು. ಈ ಬರಹ ಆ ಅನುಭವದಿಂದ ಹುಟ್ಟಿದ್ದು. ಅನುಮತಿಯನ್ನು ಬದಲಿಸುವ ಮೊದಲು, ಸರ್ವರ್ ಯಾವ ಬಾಗಿಲಲ್ಲಿ ನಿಂತಿದೆ ಎಂಬುದನ್ನು ಕಂಡುಕೊಳ್ಳುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಆದೇಶಗಳನ್ನೂ ಫೈಲ್‌ಗಳ ಹೆಸರುಗಳನ್ನೂ ಓದಲು ಅನುಕೂಲವಾಗಲೆಂದು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು. ಉದಾಹರಣೆಗೆ ತೆಗೆದುಕೊಂಡ ಖಾತೆಯ ಹೆಸರು ‘ಮಲ್ಲಿಗೆ’.

ವಿಳಾಸದಿಂದ ಫೈಲ್‌ವರೆಗಿನ ದಾರಿ

ಪುಟಗಳನ್ನು ಬ್ರೌಸರ್‌ಗೆ ಕಳುಹಿಸುವ ವೆಬ್ ಸರ್ವರ್ ತಂತ್ರಾಂಶವಾದ ಅಪಾಚೆಯಲ್ಲಿ ‘ಯೂಸರ್‌ಡಿರ್’ ಎಂಬ ಮಾಡ್ಯೂಲ್ ಇದೆ. ‘/~ಮಲ್ಲಿಗೆ/’ ಎಂಬ ಕೋರಿಕೆ ಬಂದೊಡನೆ ಅದು ಟಿಲ್ಡೆಯ ಮುಂದಿನ ಹೆಸರನ್ನು ತೆಗೆದುಕೊಂಡು, ಆ ಹೆಸರಿನ ಖಾತೆ ಇದೆಯೇ ಎಂದು ವ್ಯವಸ್ಥೆಯನ್ನು ಕೇಳುತ್ತದೆ. ಇದ್ದರೆ ಅದರ ಹೋಮ್ ಡೈರೆಕ್ಟರಿಯ ಕೊನೆಗೆ ‘ಪಬ್ಲಿಕ್_ಎಚ್‌ಟಿಎಂಎಲ್’ ಸೇರಿಸಿ ‘/ಹೋಮ್/ಮಲ್ಲಿಗೆ/ಪಬ್ಲಿಕ್_ಎಚ್‌ಟಿಎಂಎಲ್’ ಎಂಬ ದಾರಿಯನ್ನು ಕಟ್ಟುತ್ತದೆ. ಆ ದಾರಿಯಲ್ಲಿ ನಡೆದು ಫೈಲನ್ನು ಓದುವುದು ಎಲ್ಲ ಅಧಿಕಾರವಿರುವ ರೂಟ್ ಖಾತೆ ಅಲ್ಲ, ಹೆಚ್ಚಿನ ಅಧಿಕಾರವಿಲ್ಲದ ಬೇರೊಂದು ಖಾತೆ: ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ಅದರ ಹೆಸರು ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’, ರೆಡ್ ಹ್ಯಾಟ್ ಮತ್ತು ರಾಕಿ ಲಿನಕ್ಸ್‌ಗಳಲ್ಲಿ ‘ಅಪಾಚೆ’.

ಹಂಚಿಕೆಯ ಸರ್ವರ್ ಎಂದರೆ ಒಂದು ವಠಾರ. ಬೀದಿ ಬಾಗಿಲು ತೆರೆದಿದ್ದರೆ ಮಾತ್ರ ಸಾಲದು. ನಡುವಿನ ಓಣಿಯಲ್ಲಿ ಹಾದುಹೋಗಲು ಬಿಡಬೇಕು, ಕೊನೆಗೆ ಆ ಮನೆಯ ಬಾಗಿಲೂ ತೆರೆಯಬೇಕು. ಲಿನಕ್ಸ್‌ನಲ್ಲಿ ಡೈರೆಕ್ಟರಿಯೊಂದರ ‘ಎಕ್ಸ್’ ಅನುಮತಿ ಎಂದರೆ ಹಾದುಹೋಗುವ ಹಕ್ಕು, ‘ಆರ್’ ಅನುಮತಿ ಎಂದರೆ ಒಳಗೆ ಏನೇನಿದೆ ಎಂದು ಪಟ್ಟಿ ನೋಡುವ ಹಕ್ಕು. ಇವೆರಡೂ ಬೇರೆ ಬೇರೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ದೋಷಗಳಲ್ಲಿ ಹೆಚ್ಚಿನವು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಅನುಮತಿಯನ್ನು ಬರೆಯುವ ಮೂರು ಅಂಕಿಗಳು ಕ್ರಮವಾಗಿ ಒಡೆಯರ, ಗುಂಪಿನ, ಇತರರ ಪಾಲು; ಪ್ರತಿ ಅಂಕಿಯೂ ‘ಆರ್’ಗೆ 4, ತಿದ್ದುವ ಹಕ್ಕಾದ ‘ಡಬ್ಲ್ಯು’ಗೆ 2, ‘ಎಕ್ಸ್’ಗೆ 1 ಎಂದು ಕೂಡಿಸಿದ ಮೊತ್ತ. ಹೋಮ್ ಡೈರೆಕ್ಟರಿಗೆ ಇತರರ ಪಾಲಿನ ‘ಎಕ್ಸ್’ ಮಾತ್ರ ಸಾಕು, ‘ಆರ್’ ಬೇಕಿಲ್ಲ.

ಮೊದಲು ಸಂಖ್ಯೆ, ಆಮೇಲೆ ಲಾಗ್

ಬ್ರೌಸರ್ ಹಳೆಯ ಉತ್ತರವನ್ನು ಕ್ಯಾಶೆಯಿಂದ ತೋರಿಸುವುದುಂಟಾದ್ದರಿಂದ ‘ಕರ್ಲ್ -ಐ’ (ದೊಡ್ಡ ಐ) ಆದೇಶದಿಂದ ವಿಳಾಸವನ್ನು ಕೇಳಿ, ಬರುವ ಸಂಖ್ಯೆಯನ್ನು ಬರೆದುಕೊಳ್ಳಬೇಕು. 403 ಬಂದರೆ ಸರ್ವರ್‌ಗೆ ದಾರಿ ತಿಳಿದಿದೆ, ಆದರೆ ಹೋಗಲು ಆಗುತ್ತಿಲ್ಲ ಅಥವಾ ಬಿಡುತ್ತಿಲ್ಲ. 404 ಬಂದರೆ ಅದು ಬೇರೆಲ್ಲೋ ಹುಡುಕುತ್ತಿದೆ, ಇಲ್ಲವೇ ಅಲ್ಲಿ ಫೈಲೇ ಇಲ್ಲ. 500 ಬಂದರೆ ಬಹುತೇಕ ವಿದ್ಯಾರ್ಥಿಯ ‘.ಎಚ್‌ಟಿಆಕ್ಸೆಸ್’ ಫೈಲಿನಲ್ಲಿ (ತಮ್ಮ ಡೈರೆಕ್ಟರಿಗಷ್ಟೇ ಅಪಾಚೆಯ ಸಂರಚನೆಯನ್ನು ಬದಲಿಸಲು ಇಡುವ ಫೈಲ್) ಅಥವಾ ಅವರು ಬರೆದ ಪ್ರೋಗ್ರಾಮ್‌ನಲ್ಲಿ ತಪ್ಪಿದೆ.

ಅನಂತರ ಒಂದು ಕಿಟಕಿಯಲ್ಲಿ ‘ಟೇಲ್ -ಎಫ್’ ಆದೇಶದಿಂದ ದೋಷದ ಲಾಗನ್ನು ತೆರೆದಿಟ್ಟುಕೊಂಡು ಇನ್ನೊಂದು ಕಿಟಕಿಯಿಂದ ಮತ್ತೆ ಪುಟವನ್ನು ಕೇಳಬೇಕು. ಲಾಗ್ ಇರುವ ಜಾಗ ಉಬುಂಟುವಿನಲ್ಲಿ ‘/ವಾರ್/ಲಾಗ್/ಅಪಾಚೆ2’, ರಾಕಿಯಲ್ಲಿ ‘/ವಾರ್/ಲಾಗ್/ಎಚ್‌ಟಿಟಿಪಿಡಿ’. ಅಪಾಚೆ 2.4ರ ಸಂದೇಶಗಳಿಗೆ ‘ಎಎಚ್’ ಎಂದು ಆರಂಭವಾಗುವ ಸಂಖ್ಯೆಗಳಿವೆ. ಅವುಗಳಲ್ಲಿ ಐದನ್ನು ಗುರುತಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಎಎಚ್00035 ಎಂದರೆ ದಾರಿಯ ಯಾವುದೋ ಒಂದು ಡೈರೆಕ್ಟರಿಯಲ್ಲಿ ಹಾದುಹೋಗುವ ಅನುಮತಿಯಿಲ್ಲ. ಎಎಚ್00132 ಎಂದರೆ ಫೈಲ್‌ವರೆಗೆ ತಲುಪಿಯಾಗಿದೆ, ಫೈಲನ್ನು ಓದಲು ಆಗುತ್ತಿಲ್ಲ. ಎಎಚ್01630 ಎಂದರೆ ಅನುಮತಿಗಳಿಗೂ ಇದಕ್ಕೂ ಸಂಬಂಧವಿಲ್ಲ, ಅಪಾಚೆಯ ಸಂರಚನೆಯೇ ಬೇಡವೆನ್ನುತ್ತಿದೆ. ಎಎಚ್01276 ಎಂದರೆ ಡೈರೆಕ್ಟರಿ ಸಿಕ್ಕಿದೆ, ಆದರೆ ಅಲ್ಲಿ ‘ಇಂಡೆಕ್ಸ್.ಎಚ್‌ಟಿಎಂಎಲ್’ ಇಲ್ಲ, ಪಟ್ಟಿ ತೋರಿಸಲು ಒಪ್ಪಿಗೆಯೂ ಇಲ್ಲ. ಎಎಚ್00037 ಎಂದರೆ ಸಿಂಬಾಲಿಕ್ ಲಿಂಕ್‌ನ, ಅಂದರೆ ಬೇರೊಂದು ಫೈಲಿನತ್ತ ಕೈತೋರಿಸುವ ಹೆಸರಿನ, ತೊಂದರೆ. ಲಿಂಕ್ ಮತ್ತು ಅದು ತೋರಿಸುವ ಫೈಲ್ ಒಬ್ಬರದೇ ಆಗಿರಬೇಕೆಂಬ ನಿಯಮ ಸಾಮಾನ್ಯವಾಗಿ ಜಾರಿಯಲ್ಲಿರುತ್ತದೆ, ಆ ನಿಯಮವನ್ನು ಸಡಿಲಿಸದಿರುವುದೇ ಒಳ್ಳೆಯದು.

ದಾರಿ ತಪ್ಪಿಸುವ ಸಂದೇಶವೂ ಒಂದಿದೆ. ಎಎಚ್00529 ಎಂಬುದು ‘.ಎಚ್‌ಟಿಆಕ್ಸೆಸ್’ ಫೈಲನ್ನು ಪರೀಕ್ಷಿಸಲಾಗಲಿಲ್ಲ ಎಂದು ಹೇಳುತ್ತದೆ. ಇದನ್ನು ಓದಿದವರು ಎಂದೂ ಇಲ್ಲದ ಆ ಫೈಲನ್ನು ಹುಡುಕುತ್ತಾ, ಕೆಲವೊಮ್ಮೆ ಹೊಸದಾಗಿ ಸೃಷ್ಟಿಸುತ್ತಾ ಕಾಲ ಕಳೆಯುವುದನ್ನು ಕಂಡಿದ್ದೇನೆ. ಆ ಫೈಲ್ ಇದೆಯೋ ಇಲ್ಲವೋ ಎಂದು ನೋಡಲು ಕೂಡ ‘ಪಬ್ಲಿಕ್_ಎಚ್‌ಟಿಎಂಎಲ್’ ಒಳಗೆ ಹೋಗಲಾಗಲಿಲ್ಲ ಎಂಬುದೇ ಅದರ ನಿಜವಾದ ಅರ್ಥ. ಆ ಡೈರೆಕ್ಟರಿಗೆ ‘ಎಕ್ಸ್’ ಅನುಮತಿ ಕೊಟ್ಟರೆ ಸಂದೇಶ ಮಾಯವಾಗುತ್ತದೆ.

403: ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡುವುದು

‘ನೇಮ್‌ಐ -ಎಲ್’ ಎಂಬ ಆದೇಶಕ್ಕೆ ಫೈಲಿನ ಪೂರ್ಣ ದಾರಿಯನ್ನು ಕೊಟ್ಟರೆ ಅದು ಮೂಲದಿಂದ ಕೊನೆಯವರೆಗೆ ಪ್ರತಿ ಡೈರೆಕ್ಟರಿಯ ಅನುಮತಿ ಮತ್ತು ಒಡೆಯರ ಹೆಸರನ್ನು ಒಂದರ ಕೆಳಗೊಂದು ತೋರಿಸುತ್ತದೆ. ನಮ್ಮ ಸರ್ವರ್‌ನಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರ ದಾರಿಯನ್ನೂ ಹೊಸಬರೊಬ್ಬರ ದಾರಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ವ್ಯತ್ಯಾಸ ಒಂದೇ ಸಾಲಿನಲ್ಲಿ ಸಿಕ್ಕಿತು: ಹಳೆಯ ಹೋಮ್ ಡೈರೆಕ್ಟರಿಯ ಅನುಮತಿ 755, ಹೊಸದರದು 750. ಉಬುಂಟು 21.04ನೇ ಆವೃತ್ತಿಯಿಂದ ಹೊಸ ಹೋಮ್ ಡೈರೆಕ್ಟರಿಗಳು ಇತರರಿಗೆ ಪೂರ್ತಿ ಮುಚ್ಚಿಕೊಂಡೇ ಹುಟ್ಟುತ್ತವೆ. ಮೊದಲೇ ಇದ್ದವುಗಳನ್ನು ಏರಿಕೆಯ ಪ್ರಕ್ರಿಯೆ ಮುಟ್ಟುವುದಿಲ್ಲ. ಹಿರಿಯರ ಪುಟಗಳು ತೆರೆದು ಕಿರಿಯರ ಪುಟಗಳು ತೆರೆಯದಿದ್ದುದಕ್ಕೆ ಇಷ್ಟೇ ಕಾರಣ. ಈ ಬದಲಾವಣೆ ಬಳಕೆದಾರರ ಖಾಸಗಿತನದ ದೃಷ್ಟಿಯಿಂದ ಸರಿಯಾದುದೇ; ಅದನ್ನು ಹಿಂದಕ್ಕೆ ತಿರುಗಿಸುವ ಬದಲು ಬೇಕಾದಷ್ಟು ಮಾತ್ರ ಬಾಗಿಲು ತೆರೆಯುವುದು ಉಚಿತ.

ತೆರೆಯಲು ಎರಡು ದಾರಿಗಳಿವೆ. ಸರಳವಾದುದು ಹೋಮ್ ಡೈರೆಕ್ಟರಿಗೆ ‘ಚ್‌ಮಾಡ್ 711’ ಕೊಡುವುದು. ಆಗ ಎಲ್ಲರೂ ಹಾದುಹೋಗಬಹುದು, ಯಾರೂ ಪಟ್ಟಿ ನೋಡಲಾಗದು. ಆದರೆ ಒಳಗಿನ ಫೈಲೊಂದರ ಹೆಸರನ್ನು ಊಹಿಸಬಲ್ಲ ಸಹಪಾಠಿ, ಅದರ ಅನುಮತಿ ಸಡಿಲವಾಗಿದ್ದರೆ ಅದನ್ನು ಓದಬಹುದು, ಮತ್ತು ಪ್ರಯೋಗದ ವರದಿಗಳ ಹೆಸರುಗಳನ್ನು ಊಹಿಸುವುದು ಕಷ್ಟವಲ್ಲ. ಆದ್ದರಿಂದ ನಾನು ಇನ್ನೊಂದು ದಾರಿಯನ್ನು ಹೆಚ್ಚು ಮೆಚ್ಚುತ್ತೇನೆ: 750ನ್ನು ಹಾಗೆಯೇ ಉಳಿಸಿ, ‘ಸೆಟ್‌ಎಫ್‌ಎಸಿಎಲ್’ ಆದೇಶದಿಂದ ವೆಬ್ ಸರ್ವರ್‌ನ ಖಾತೆಯೊಂದಕ್ಕೆ ಮಾತ್ರ ‘ಎಕ್ಸ್’ ಅನುಮತಿ ಕೊಡುವುದು. ವಠಾರದ ಓಣಿಯಲ್ಲಿ ಅಂಚೆಯವರನ್ನು ಮಾತ್ರ ಬಿಟ್ಟಂತೆ.

ಈ ಎರಡನೆಯ ದಾರಿಯಲ್ಲಿ ಒಂದು ತೊಡಕಿದೆ, ಅದನ್ನು ಕಂಡುಹಿಡಿಯಲು ನನಗೆ ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು. ಹೀಗೆ ಎಸಿಎಲ್ (ಖಾತೆಗೊಂದರಂತೆ ಕೊಡುವ ಅನುಮತಿಗಳ ಪಟ್ಟಿ) ಕೊಟ್ಟ ಡೈರೆಕ್ಟರಿಯ ಮೇಲೆ ವಿದ್ಯಾರ್ಥಿಯು ಆಮೇಲೆ ‘ಚ್‌ಮಾಡ್ 700’ ಓಡಿಸಿದರೆ, ಗುಂಪಿನ ಪಾಲಿನ ಅಂಕಿ ಎಸಿಎಲ್‌ನ ಮಾಸ್ಕ್ ಆಗಿ, ಅಂದರೆ ಅದರ ಅನುಮತಿಗಳ ಗರಿಷ್ಠ ಮಿತಿಯಾಗಿ, ಕೆಲಸ ಮಾಡುವುದರಿಂದ, ನಾವು ಕೊಟ್ಟ ಅನುಮತಿ ದಾಖಲೆಯಲ್ಲಿ ಉಳಿದುಕೊಂಡೇ ಪರಿಣಾಮವಿಲ್ಲದಂತಾಗುತ್ತದೆ. ‘ಗೆಟ್‌ಎಫ್‌ಎಸಿಎಲ್’ ಓಡಿಸಿದಾಗ ಸರ್ವರ್ ಖಾತೆಯ ಸಾಲಿನ ಮುಂದೆ, ವಾಸ್ತವದಲ್ಲಿ ಯಾವ ಅನುಮತಿಯೂ ಇಲ್ಲ ಎಂಬ ಟಿಪ್ಪಣಿ ಕಾಣುತ್ತದೆ. ಮತ್ತೆ ‘ಸೆಟ್‌ಎಫ್‌ಎಸಿಎಲ್’ ಓಡಿಸಿದರೆ ಮಾಸ್ಕ್ ಸರಿಹೋಗುತ್ತದೆ. ‘ನಿನ್ನೆಯವರೆಗೆ ಸರಿಯಿತ್ತು ಸರ್, ನಾನು ಪುಟವನ್ನು ಮುಟ್ಟೇ ಇಲ್ಲ’ ಎಂದು ವಿದ್ಯಾರ್ಥಿ ಹೇಳಿದರೆ ಅದನ್ನು ನಂಬಿ, ಹೋಮ್ ಡೈರೆಕ್ಟರಿಯನ್ನು ನೋಡಿ.

ಹೋಮ್ ಡೈರೆಕ್ಟರಿ ಸರಿಯಿದ್ದು ಒಳಗಿನ ಫೈಲ್‌ಗಳದೇ ದೋಷವಾಗಿದ್ದರೆ, ‘ಪಬ್ಲಿಕ್_ಎಚ್‌ಟಿಎಂಎಲ್’ ಮೇಲೆ ಮಾತ್ರ ‘ಚ್‌ಮಾಡ್ -ಆರ್ ಯು=ಆರ್‌ಡಬ್ಲ್ಯುಎಕ್ಸ್,ಜಿಒ=ಆರ್‌ಎಕ್ಸ್’ ಓಡಿಸಬೇಕು; ಇದರಲ್ಲಿ -ಆರ್ ಮತ್ತು ಎರಡು ಕಡೆಯ ಎಕ್ಸ್ ದೊಡ್ಡ ಅಕ್ಷರಗಳಾಗಿರಬೇಕು. ದೊಡ್ಡ ಎಕ್ಸ್ ಡೈರೆಕ್ಟರಿಗಳಿಗೂ, ಮೊದಲೇ ಎಕ್ಸ್ ಪಡೆದಿರುವ ಫೈಲ್‌ಗಳಿಗೂ ಮಾತ್ರ ಅನ್ವಯಿಸುವುದರಿಂದ ಡೈರೆಕ್ಟರಿಗಳು 755, ಸಾಮಾನ್ಯ ಫೈಲ್‌ಗಳು 644 ಆಗುತ್ತವೆ.

ಟರ್ಮಿನಲ್‌ನಲ್ಲಿ ಓದಬಹುದು, ಅಪಾಚೆಗೆ ಮಾತ್ರ ಆಗದು

ಅನುಮತಿಗಳೆಲ್ಲ ಸರಿಯಿದ್ದಂತೆ ಕಂಡಾಗ ನಾನು ಮಾಡುವ ಮುಂದಿನ ಪರೀಕ್ಷೆ ಇದು: ‘ಸುಡೊ -ಯು’ ಮೂಲಕ ವೆಬ್ ಸರ್ವರ್‌ನ ಖಾತೆಯಾಗಿ ‘ಕ್ಯಾಟ್’ ಆದೇಶದಿಂದ ಅದೇ ಫೈಲನ್ನು ಓದುವುದು. ಓದಲಾಗದಿದ್ದರೆ ದೋಷ ಇನ್ನೂ ಫೈಲ್ ಅನುಮತಿಯಲ್ಲೇ ಇದೆ. ಹಿಂದಿನ ಭಾಗಕ್ಕೆ ಮರಳಬೇಕು. ಇಲ್ಲಿ ಓದಲು ಸಾಧ್ಯವಾಗಿಯೂ ಅಪಾಚೆ ಅನುಮತಿಯಿಲ್ಲ ಎಂದೇ ಲಾಗ್ ಬರೆಯುತ್ತಿದ್ದರೆ, ಅನುಮತಿಗಳನ್ನು ಇನ್ನು ಮುಟ್ಟಲೇಬಾರದು. ಆ ಹೊತ್ತಿಗೆ ತಡೆಯುತ್ತಿರುವುದು ಅಪಾಚೆ ಎಂಬ ಸೇವೆಯ ಸುತ್ತ ಹಾಕಿರುವ ಬೇಲಿ. 777 ಕೊಟ್ಟರೂ ಈ ಬೇಲಿ ಅಲುಗುವುದಿಲ್ಲ. ಖಾತೆಗಳೆಲ್ಲ ಬಟಾಬಯಲಾಗುವುದಷ್ಟೇ ಲಾಭ.

ರೆಡ್ ಹ್ಯಾಟ್ ಬಳಗದ ವ್ಯವಸ್ಥೆಗಳಲ್ಲಿ ಈ ಬೇಲಿ ಎಂದರೆ ಎಸ್‌ಇಲಿನಕ್ಸ್. ‘ಗೆಟ್‌ಎನ್‌ಫೋರ್ಸ್’ ಆದೇಶದಿಂದ ಅದು ಜಾರಿಯಲ್ಲಿದೆಯೇ ಎಂದು ತಿಳಿಯಬಹುದು; ‘ಎಯುಸರ್ಚ್ -ಎಂ ಎವಿಸಿ -ಟಿಎಸ್ ರೀಸೆಂಟ್’ ಎಂದರೆ ಅದು ಇತ್ತೀಚೆಗೆ ತಡೆದ ಕೋರಿಕೆಗಳು ಕಾಣುತ್ತವೆ. ಹೋಮ್ ಡೈರೆಕ್ಟರಿಗಳೊಳಗೆ ಹೋಗಲು ಅಪಾಚೆಗೆ ಒಪ್ಪಿಗೆ ಕೊಡುವ ಗುಂಡಿಯ ಹೆಸರು ‘ಎಚ್‌ಟಿಟಿಪಿಡಿ_ಎನೇಬಲ್_ಹೋಮ್‌ಡಿರ್ಸ್’. ಅದನ್ನು ‘ಸೆಟ್‌ಎಸ್‌ಇಬೂಲ್’ ಆದೇಶದಿಂದ, ದೊಡ್ಡ ‘-ಪಿ’ ಸೇರಿಸಿ ಆನ್ ಮಾಡಬೇಕು. ‘-ಪಿ’ ಬಿಟ್ಟರೆ ಸರ್ವರ್ ಮರುಪ್ರಾರಂಭವಾಗುವವರೆಗೆ ಮಾತ್ರ ಅದು ಉಳಿಯುತ್ತದೆ. ಕರೆಂಟ್ ಹೋಗಿ ಬಂದ ಮಾರನೆಯ ದಿನ ಎಲ್ಲರ ಪುಟಗಳೂ ಒಟ್ಟಿಗೆ ಮುಚ್ಚಿಕೊಂಡರೆ ಮೊದಲು ನೋಡಬೇಕಾದುದು ಇದನ್ನೇ. ಹೋಮ್ ಡೈರೆಕ್ಟರಿಗಳು ಬೇರೊಂದು ಯಂತ್ರದಿಂದ ಎನ್‌ಎಫ್‌ಎಸ್ ಮೂಲಕ ಬರುತ್ತಿದ್ದರೆ ‘ಎಚ್‌ಟಿಟಿಪಿಡಿ_ಯೂಸ್_ಎನ್‌ಎಫ್‌ಎಸ್’ ಎಂಬ ಇನ್ನೊಂದು ಗುಂಡಿಯೂ ಬೇಕು.

ಒಂದೇ ಡೈರೆಕ್ಟರಿಯಲ್ಲಿ ಒಂದು ಪುಟ ತೆರೆದು ಅದರ ಪಕ್ಕದ ಚಿತ್ರ ತೆರೆಯದಿದ್ದರೆ ಎಸ್‌ಇಲಿನಕ್ಸ್ ಪ್ರತಿ ಫೈಲಿಗೂ ಅಂಟಿಸುವ ಲೇಬಲ್ ತಪ್ಪಿರುವ ಸಾಧ್ಯತೆ ಹೆಚ್ಚು. ‘ಸಿಪಿ’ಯಿಂದ ನಕಲಿಸಿದ ಫೈಲ್ ಹೊಸ ಜಾಗದ ಲೇಬಲ್ ಪಡೆಯುತ್ತದೆ, ‘ಎಂವಿ’ಯಿಂದ ಸಾಗಿಸಿದ ಫೈಲ್ ಹಳೆಯ ಜಾಗದ ಲೇಬಲನ್ನೇ ಹೊತ್ತು ತರುತ್ತದೆ. ವಿದ್ಯಾರ್ಥಿಗಳು ಜಿಪ್ ಕಡತವನ್ನು ‘/ಟೆಂಪ್’ನಲ್ಲಿ ಬಿಚ್ಚಿ ಅಲ್ಲಿಂದ ಸಾಗಿಸುವುದು ಸಾಮಾನ್ಯವಾದ್ದರಿಂದ ಈ ದೋಷ ಮತ್ತೆ ಮತ್ತೆ ಬರುತ್ತದೆ. ‘ಎಲ್‌ಎಸ್ -ಝಡ್’ (ದೊಡ್ಡ ಝಡ್) ಲೇಬಲ್ ತೋರಿಸುತ್ತದೆ. ‘ರೀಸ್ಟೋರ್‌ಕಾನ್ -ಆರ್ -ವಿ’ ಅದನ್ನು ಸರಿಪಡಿಸುತ್ತದೆ. ಎಸ್‌ಇಲಿನಕ್ಸ್ ಕಾರಣವೇ ಎಂದು ಖಚಿತಪಡಿಸಿಕೊಳ್ಳಲು ಒಂದು ನಿಮಿಷ ‘ಸೆಟ್‌ಎನ್‌ಫೋರ್ಸ್ 0’ ಮಾಡಿ ನೋಡಿ ತಕ್ಷಣ 1ಕ್ಕೆ ಮರಳಿಸಬಹುದು. ಶಾಶ್ವತವಾಗಿ ಆರಿಸುವುದನ್ನು ನಾನು ಒಪ್ಪುವುದಿಲ್ಲ: ನೂರಾರು ಮಂದಿ ಹಂಚಿಕೊಂಡಿರುವ ಯಂತ್ರದಲ್ಲಿ ಒಬ್ಬರ ಪುಟದ ಬಿರುಕು ಎಲ್ಲರ ಮನೆಗೂ ದಾರಿಯಾಗದಂತೆ ತಡೆಯುವುದು ಅದೇ.

ಲಿನಕ್ಸ್‌ನಲ್ಲಿ ಸೇವೆಗಳನ್ನು ಆರಂಭಿಸಿ ನಡೆಸುವ ಸಿಸ್ಟಂಡಿಯಲ್ಲೂ ಇಂಥದೇ ಬೇಲಿಯೊಂದಿದೆ. ಅಪಾಚೆಯ ಸೇವಾ ಫೈಲಿನಲ್ಲಿ ಯಾರಾದರೂ ‘ಪ್ರೊಟೆಕ್ಟ್‌ಹೋಮ್=ಯೆಸ್’ ಎಂದು ಸೇರಿಸಿದ್ದರೆ ಅಪಾಚೆಯ ಕಣ್ಣಿಗೆ ‘/ಹೋಮ್’ ಬರಿದಾಗಿ, ಮುಚ್ಚಿದ ಬಾಗಿಲಾಗಿ ಕಾಣುತ್ತದೆ. ‘ಸಿಸ್ಟಂಸಿಟಿಎಲ್ ಕ್ಯಾಟ್ ಅಪಾಚೆ2’ ಆದೇಶವು ಮೂಲ ಫೈಲನ್ನೂ ಅದರ ಮೇಲಿನ ತಿದ್ದುಪಡಿಗಳನ್ನೂ ಒಟ್ಟಿಗೆ ತೋರಿಸುತ್ತದೆ.

404: ಸರ್ವರ್ ಬೇರೆಲ್ಲೋ ಹುಡುಕುತ್ತಿದೆ

ಇಲ್ಲಿ ಮೊದಲಿಗೆ ತಿಳಿದಿರಬೇಕಾದುದು, ಅಪಾಚೆ 2.4ರಲ್ಲಿ ಫೈಲ್ ಸಿಗಲಿಲ್ಲ ಎಂಬ ಸಂದೇಶ ‘ಇನ್ಫೊ’ ಮಟ್ಟದ್ದು. ಲಾಗ್ ಮಟ್ಟ ‘ವಾರ್ನ್’ ಎಂದಿರುವಾಗ ಅದು ದಾಖಲಾಗುವುದೇ ಇಲ್ಲ. ‘ಲಾಗ್‌ಲೆವೆಲ್ ಇನ್ಫೊ’ ಮಾಡಿ ಮತ್ತೆ ಕೇಳಿದರೆ ಸರ್ವರ್ ಹುಡುಕಿದ ಪೂರ್ಣ ದಾರಿ ಸಿಗುತ್ತದೆ. ಆ ದಾರಿ ‘/ಹೋಮ್’ನಿಂದ ಶುರುವಾಗಿದ್ದರೆ ಫೈಲಿನ ಹೆಸರಿನಲ್ಲಿ ತಪ್ಪಿದೆ. ‘/ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು’ನಿಂದ ಶುರುವಾಗಿ ಕೊನೆಯಲ್ಲಿ ಟಿಲ್ಡೆ ಸಹಿತ ಹೆಸರಿದ್ದರೆ ಯೂಸರ್‌ಡಿರ್ ಮಾಡ್ಯೂಲ್ ಕೆಲಸವನ್ನೇ ಮಾಡಿಲ್ಲ.

ಮಾಡ್ಯೂಲ್ ಕೆಲಸ ಮಾಡದಿರಲು ಮೂರು ಕಾರಣಗಳನ್ನು ಕಂಡಿದ್ದೇನೆ. ಉಬುಂಟುವಿನಲ್ಲಿ ‘ಎ2ಎನ್‌ಮಾಡ್ ಯೂಸರ್‌ಡಿರ್’ ಓಡಿಸದೇ ಇರುವುದು ಅಥವಾ ಓಡಿಸಿ ಅಪಾಚೆಯನ್ನು ಮರುಪ್ರಾರಂಭಿಸದಿರುವುದು ಒಂದು. ರಾಕಿಯಲ್ಲಿ ಸಂರಚನೆಯ ‘ಯೂಸರ್‌ಡಿರ್.ಕಾನ್ಫ್’ ಫೈಲ್ ಆರಂಭದಲ್ಲೇ ‘ಯೂಸರ್‌ಡಿರ್ ಡಿಸೇಬಲ್ಡ್’ ಎಂದಿರುವುದು ಎರಡನೆಯದು. ಖಾತೆಗಳು ಎಲ್‌ಡಿಎಪಿ ಸರ್ವರ್‌ನಿಂದ (ಖಾತೆಗಳ ಕೇಂದ್ರ ಪಟ್ಟಿ ಇಡುವ ಯಂತ್ರ) ಬರುವ ಕಡೆ ಆ ಸಂಪರ್ಕ ಕಡಿದು ಅಪಾಚೆಗೆ ಬಳಕೆದಾರರೇ ಸಿಗದಿರುವುದು ಮೂರನೆಯದು. ‘ಗೆಟ್‌ಎಂಟ್ ಪಾಸ್‌ಡಬ್ಲ್ಯುಡಿ ಮಲ್ಲಿಗೆ’ ಎಂದು ಕೇಳಿದಾಗ ಉತ್ತರ ಬರದಿದ್ದರೆ ತೊಂದರೆ ವೆಬ್ ಸರ್ವರ್‌ನದಲ್ಲ. ರೂಟ್ ಖಾತೆಯನ್ನು ಮಾತ್ರ ಎಲ್ಲ ಕಡೆಯೂ ‘ಯೂಸರ್‌ಡಿರ್ ಡಿಸೇಬಲ್ಡ್ ರೂಟ್’ ಎಂದು ಮುಚ್ಚಿಯೇ ಇಡಬೇಕು.

ಹೆಸರಿನ ತಪ್ಪುಗಳು ಹೆಚ್ಚಾಗಿ ವಿಂಡೋಸ್‌ನಲ್ಲಿ ಪುಟ ಮಾಡಿ ತಂದವರಲ್ಲಿ ಕಾಣುತ್ತವೆ. ಲಿನಕ್ಸ್‌ಗೆ ದೊಡ್ಡ ಮತ್ತು ಸಣ್ಣ ಅಕ್ಷರಗಳು ಬೇರೆ ಬೇರೆ. ನೋಟ್‌ಪ್ಯಾಡ್‌ನಲ್ಲಿ ಉಳಿಸಿದ ಫೈಲಿನ ಕೊನೆಗೆ ‘.ಟಿಎಕ್ಸ್‌ಟಿ’ ಸೇರಿಕೊಂಡು ವಿಂಡೋಸ್‌ನಲ್ಲಿ ಕಾಣದೇ ಇರುವುದೂ ಉಂಟು.

500 ಮತ್ತು ಪಿಎಚ್‌ಪಿ

ಉಬುಂಟುವಿನ ಯೂಸರ್‌ಡಿರ್ ಸಂರಚನೆಯು ವಿದ್ಯಾರ್ಥಿಗಳ ‘.ಎಚ್‌ಟಿಆಕ್ಸೆಸ್’ ಫೈಲಿನಲ್ಲಿ ಕೆಲವು ಆದೇಶಗಳನ್ನಷ್ಟೇ ಒಪ್ಪುತ್ತದೆ. ‘ಆಪ್ಷನ್ಸ್’ ಎಂಬುದು ಅವುಗಳಲ್ಲಿ ಇಲ್ಲ. ಎಲ್ಲಿಂದಲೋ ನಕಲಿಸಿ ತಂದ ಫೈಲಿನಲ್ಲಿ ಆ ಸಾಲಿದ್ದರೆ ಇಡೀ ಪುಟ 500ಕ್ಕೆ ಬೀಳುತ್ತದೆ, ಲಾಗ್‌ನಲ್ಲಿ ಆ ಆದೇಶಕ್ಕೆ ಇಲ್ಲಿ ಅವಕಾಶವಿಲ್ಲ ಎಂದು ಸ್ಪಷ್ಟವಾಗಿ ಬರುತ್ತದೆ. ಸಾಲನ್ನು ತೆಗೆಸಬೇಕು, ನಿಯಮವನ್ನು ಸಡಿಲಿಸಬಾರದು.

ಸರ್ವರ್‌ನಲ್ಲೇ ಓಡುವ ಪ್ರೋಗ್ರಾಮ್ ಭಾಷೆಯಾದ ಪಿಎಚ್‌ಪಿಯ ಪುಟ ಓಡುವ ಬದಲು ಅದರ ಮೂಲಪಠ್ಯವೇ ಪರದೆಯ ಮೇಲೆ ಬಂದರೆ ಅಥವಾ ಡೌನ್‌ಲೋಡ್ ಆದರೆ, ಡೆಬಿಯನ್ ಮತ್ತು ಉಬುಂಟುಗಳು ಬಳಕೆದಾರರ ಡೈರೆಕ್ಟರಿಗಳಲ್ಲಿ ಪಿಎಚ್‌ಪಿಯನ್ನು ಬೇಕೆಂದೇ ಆರಿಸಿಟ್ಟಿರುವುದು ಕಾರಣ. ಆ ಪುಟದಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇದ್ದರೆ ಅದು ಬಯಲಾಗಿದೆ ಎಂದೇ ತಿಳಿದು ಕೂಡಲೇ ಬದಲಿಸಬೇಕು. ಆ ತಡೆಯನ್ನು ತೆಗೆದುಹಾಕುವ ಮುನ್ನ ಯೋಚಿಸಬೇಕು: ಅಪಾಚೆಯೊಳಗೇ ಓಡುವ ಪಿಎಚ್‌ಪಿ ಎಲ್ಲ ವಿದ್ಯಾರ್ಥಿಗಳ ಪರವಾಗಿಯೂ ಒಂದೇ ಖಾತೆಯಲ್ಲಿ ಓಡುತ್ತದೆ, ಆದ್ದರಿಂದ ಒಬ್ಬರ ಪ್ರೋಗ್ರಾಮ್ ಇನ್ನೊಬ್ಬರ ಫೈಲ್‌ಗಳನ್ನು ಓದಬಲ್ಲದು. ಪಿಎಚ್‌ಪಿ ಬೇಕೇ ಬೇಕೆಂದರೆ ಪ್ರತಿಯೊಬ್ಬರಿಗೂ ಅವರದೇ ಖಾತೆಯಲ್ಲಿ ಓಡುವ ಪ್ರತ್ಯೇಕ ಎಫ್‌ಪಿಎಂ ಪೂಲ್ (ಅಪಾಚೆಯ ಹೊರಗೆ ಪಿಎಚ್‌ಪಿ ಓಡಿಸುವ ಪ್ರಕ್ರಿಯೆಗಳ ಗುಂಪು) ಮಾಡಿಕೊಡಬೇಕು. ಇದಲ್ಲದೆ, ಟಿಲ್ಡೆ ವಿಳಾಸಗಳೆಲ್ಲ ಬ್ರೌಸರ್‌ನ ಲೆಕ್ಕದಲ್ಲಿ ಒಂದೇ ತಾಣವಾದ್ದರಿಂದ ಕುಕಿಗಳ ವಿಷಯದಲ್ಲಿ ಅವುಗಳ ನಡುವೆ ಭದ್ರವಾದ ಗೋಡೆಯಿಲ್ಲ. ಕಾಲೇಜಿನ ಲಾಗಿನ್ ಇರುವ ಯಾವ ಸೇವೆಯನ್ನೂ ಇದೇ ವಿಳಾಸದಲ್ಲಿ ಇಡಬಾರದು.

ಪುಟ ತೆರೆಯಿತು, ಕನ್ನಡ ಕಾಣಲಿಲ್ಲ

ಇದು ನಮ್ಮ ಕಡೆ ಪದೇ ಪದೇ ಬರುವ ದೂರು. ಅಕ್ಷರಗಳ ಬದಲು ಮೇಲೆ ಕೆಳಗೆ ಚುಕ್ಕೆಗಳಿರುವ ಲ್ಯಾಟಿನ್ ಅಕ್ಷರಗಳ ರಾಶಿ ಕಂಡರೆ ಎರಡು ಸಾಧ್ಯತೆಗಳಿವೆ. ಪಠ್ಯವು ಯೂನಿಕೋಡ್‌ನಲ್ಲೇ ಇದ್ದು, ಅದು ಯುಟಿಎಫ್-8 ಎಂಬ ಘೋಷಣೆ ಪುಟದಲ್ಲಿ ಇಲ್ಲದಿರಬಹುದು. ಪುಟದ ತಲೆಭಾಗದಲ್ಲಿ ‘ಮೆಟಾ ಚಾರ್‌ಸೆಟ್’ ಸಾಲು ಸೇರಿಸಿದರೆ ಸರಿಯಾಗುತ್ತದೆ. ಆದರೆ ಸರ್ವರ್ ತಾನೇ ಬೇರೊಂದು ಚಾರ್‌ಸೆಟ್ ಹೆಸರನ್ನು ಕಳುಹಿಸುತ್ತಿದ್ದರೆ ಬ್ರೌಸರ್ ಆ ಮಾತನ್ನೇ ಮೊದಲು ಕೇಳುತ್ತದೆ, ಪುಟದ ಘೋಷಣೆ ವ್ಯರ್ಥವಾಗುತ್ತದೆ. ‘ಕರ್ಲ್ -ಐ’ ಉತ್ತರದ ‘ಕಂಟೆಂಟ್-ಟೈಪ್’ ಸಾಲಿನಲ್ಲಿ ಇದು ಗೊತ್ತಾಗುತ್ತದೆ.

ಎರಡನೆಯದು, ಪಠ್ಯವನ್ನು ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಟೈಪಿಸಿರುವುದು. ಅಂಥ ಫಾಂಟ್‌ಗಳು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುತ್ತವೆ. ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ಒಳಗಿರುವ ಲ್ಯಾಟಿನ್ ಅಕ್ಷರಗಳೇ ಹೊರಬೀಳುತ್ತವೆ. ಇಲ್ಲಿ ಸರ್ವರ್‌ನಲ್ಲಿ ಮಾಡುವಂಥದ್ದೇನೂ ಇಲ್ಲ. ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ಓದಿ ತಿದ್ದಬೇಕು. ಮನೆಯ ಹಿರಿಯರು ಹೇಳಿದ ಕಥೆಯನ್ನು ಒಬ್ಬ ವಿದ್ಯಾರ್ಥಿನಿ ನುಡಿಯಲ್ಲಿ ಇಪ್ಪತ್ತು ಪುಟ ಟೈಪಿಸಿ ತಂದಿದ್ದಳು. ಅದನ್ನು ಸರಿಪಡಿಸಲು ಕುಳಿತ ಸಂಜೆ ವ್ಯರ್ಥವಾಯಿತು ಎಂದು ನನಗೆ ಅನ್ನಿಸಿಲ್ಲ.

ಪುಟ ಪೂರ್ತಿ ಖಾಲಿಯಾಗಿ ಬಂದರೆ ಫೈಲಿನ ಗಾತ್ರ ನೋಡಿ. ಸೊನ್ನೆ ಬೈಟ್ ಇದ್ದರೆ ಬಹುಶಃ ಕೋಟಾ (ಖಾತೆಗೆ ಕೊಟ್ಟ ಡಿಸ್ಕ್ ಜಾಗದ ಮಿತಿ) ಮುಗಿದಿದ್ದಾಗ ಅಪ್‌ಲೋಡ್ ಮಾಡಿದ್ದಾರೆ. ‘ರೆಪ್‌ಕೋಟಾ’ ಅದನ್ನು ತೋರಿಸುತ್ತದೆ.

777 ಕೊಟ್ಟುಬಿಟ್ಟಿದ್ದರೆ

ಎಸ್‌ಎಸ್‌ಎಚ್ ಸರ್ವರ್ ತನ್ನ ಸಹಜ ಕಟ್ಟುನಿಟ್ಟಿನಲ್ಲಿ, ಹೋಮ್ ಡೈರೆಕ್ಟರಿಯನ್ನಾಗಲಿ ‘.ಎಸ್‌ಎಸ್‌ಎಚ್’ ಡೈರೆಕ್ಟರಿಯನ್ನಾಗಲಿ ಇತರರು ತಿದ್ದಬಹುದಾದರೆ ಅಲ್ಲಿರುವ ಕೀಲಿಯನ್ನು ನಂಬುವುದಿಲ್ಲ. ನಮ್ಮಲ್ಲಿ ಲಾಗಿನ್ ನಿಂತುಹೋದದ್ದು ಹಾಗೆ. ಸರಿಪಡಿಸುವಾಗ ಪ್ರತಿ ಹೋಮ್ ಡೈರೆಕ್ಟರಿಯೊಳಗೂ ‘ಚ್‌ಮಾಡ್’ ಮೂಲಕ ಗುಂಪು ಮತ್ತು ಇತರರ ಎಲ್ಲ ಅನುಮತಿಗಳನ್ನು ಮೊದಲು ತೆಗೆದುಹಾಕಿದೆವು. ಬಳಿಕ ‘.ಎಸ್‌ಎಸ್‌ಎಚ್’ಗೆ 700, ಅದರೊಳಗಿನ ಫೈಲ್‌ಗಳಿಗೆ 600, ಹೋಮ್ ಡೈರೆಕ್ಟರಿಗೆ 750 ಕೊಟ್ಟು, ಸರ್ವರ್ ಖಾತೆಗೆ ಎಸಿಎಲ್ ಸೇರಿಸಿ, ‘ಪಬ್ಲಿಕ್_ಎಚ್‌ಟಿಎಂಎಲ್’ ಅನ್ನು ಮಾತ್ರ ಮತ್ತೆ ತೆರೆದೆವು. ಈ ಕ್ರಮ ಮುಖ್ಯ. ಎಸಿಎಲ್ ಮೊದಲು ಕೊಟ್ಟು ‘ಚ್‌ಮಾಡ್’ ಆಮೇಲೆ ಓಡಿಸಿದರೆ ಮೇಲೆ ಹೇಳಿದ ಮಾಸ್ಕ್ ತೊಡಕಿಗೇ ಮರಳುತ್ತೀರಿ. 777 ಜಾರಿಯಲ್ಲಿದ್ದ ಹೊತ್ತಿನಲ್ಲಿ ಯಾರ ಖಾಸಗಿ ಕೀಲಿಗಳು ಸರ್ವರ್‌ನಲ್ಲಿದ್ದವೋ ಅವರೆಲ್ಲರಿಗೂ ಹೊಸ ಕೀಲಿ ಮಾಡಿಕೊಳ್ಳಲು ಹೇಳಿದೆವು, ಏಕೆಂದರೆ ಅವನ್ನು ಯಾರೂ ನಕಲಿಸಿಲ್ಲ ಎಂದು ಹೇಳಲು ನಮ್ಮ ಬಳಿ ಆಧಾರವಿರಲಿಲ್ಲ.

ಹೊಸ ಖಾತೆಗಳಿಗೆ ಇದು ಮರುಕಳಿಸದಿರಲು, ಪ್ರತಿ ಹೊಸ ಹೋಮ್ ಡೈರೆಕ್ಟರಿಗೂ ನಕಲಾಗುವ ಮಾದರಿಯಾದ ‘/ಇಟಿಸಿ/ಸ್ಕೆಲ್’ ಒಳಗೆ ‘ಪಬ್ಲಿಕ್_ಎಚ್‌ಟಿಎಂಎಲ್’ ಡೈರೆಕ್ಟರಿಯನ್ನು 755 ಅನುಮತಿಯೊಂದಿಗೆ ಮೊದಲೇ ಇಟ್ಟೆವು, ಖಾತೆ ಸೃಷ್ಟಿಸುವ ನಮ್ಮ ಸ್ಕ್ರಿಪ್ಟ್‌ನ ಕೊನೆಯಲ್ಲಿ ಎಸಿಎಲ್ ಸಾಲನ್ನು ಸೇರಿಸಿದೆವು. ಈಗ ಪ್ರತಿ ವರ್ಷ ಮೊದಲ ತರಗತಿಗೆ ಮುನ್ನ ಅದೇ ಸ್ಕ್ರಿಪ್ಟ್‌ನಿಂದ ‘ಮಲ್ಲಿಗೆ’ ಎಂಬ ಪರೀಕ್ಷಾ ಖಾತೆ ಮಾಡಿ, ಲ್ಯಾಬ್‌ನ ಜಾಲದಿಂದಲ್ಲದೆ ಮೊಬೈಲ್ ಡೇಟಾದಿಂದ ಅದರ ಪುಟವನ್ನು ತೆರೆದು ನೋಡಿ, ಆಮೇಲೆ ಆ ಖಾತೆಯನ್ನು ಅಳಿಸುತ್ತೇನೆ.